ಬೀಗಮುದ್ರೆ

ಶಾಂತಿಗ್ರಾಮದ ಟೋಲ್ ದಾಟುವವರೆಗೂ ಹೆಂಡತಿ ನೇತ್ರಾ ಮಾತಾಡಲಿಲ್ಲ. ಶಶಿಕಿರಣನಿಗೂ ಅದೇ ಬೇಕಾಗಿತ್ತು. ಆದರೂ ಅವಳ ಮೌನ ತನ್ನನ್ನೇ ಕುರಿತದ್ದೇನೋ ಎಂಬ ಅನುಮಾನ ಬಂದು ಆಗಾಗ ಅವಳ ಮುಖದ ಕಡೆ ತಿರುಗಿ ನೋಡುತ್ತಿದ್ದ. ಹಾಸನದಲ್ಲಿ ಕಾರು ಹತ್ತುವಾಗ ಮಡಿಲ ಮೇಲೆ ಕೈಚೀಲ ಹೇಗೆ ಹಿಡಿದಿದ್ದಳೋ ಈಗಲೂ ಹಾಗೇ ಹಿಡಿದು ಕೂತಿದ್ದಳು. ಭಾನುವಾರದ ಬೆಳಗಿನ ಹೆದ್ದಾರಿ ಖಾಲಿಯಾಗಿತ್ತು. ಮಧ್ಯದ ಪಟ್ಟಿಯಲ್ಲಿ ಕಣಗಿಲೆ ಗಿಡಗಳಿಗೆ ಟ್ಯಾಂಕರಿನಿಂದ ನೀರು ಬಿಡುತ್ತಿದ್ದವನು ಕಾರಿನ ಕಡೆ ಸುಮ್ಮನೆ ನೋಡಿದ. ಅಷ್ಟಕ್ಕೇ ಶಶಿಕಿರಣ ಕಾರಿನ ವೇಗ ಹೆಚ್ಚಿಸಿದ. "ಅಪ್ಪ ನಿಮ್ಮನ್ನೇ ಕಾಯ್ತಿದಾರೆ," ಎಂದಳು ನೇತ್ರಾ ಕೊನೆಗೆ. "ಯಾರು ಮಾಡಿದ್ದು ಅಂತ ನೀವಾದ್ರೆ ಕಂಡುಹಿಡೀತೀರ ಅನ್ನೋ ನಂಬಿಕೆ ಅವರಿಗೆ." ಅವನು ಗೇರು ಬದಲಿಸಿದ. ಬದಲಿಸುವ ಅಗತ್ಯವೇನೂ ಇರಲಿಲ್ಲ.

ಶುಕ್ರವಾರ ಸಂಜೆ ಅವನು ಕಾಲೇಜಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಳು. ತಂಗಿ ಮಾನಸಾಳಿಗೆ ರಾಮನಾಥಪುರದ ಅಭಿಷೇಕನೊಂದಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿದೆ. ಹೊಳೆನರಸೀಪುರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳಿಗೆ ತಲೆಯ ಪರೀಕ್ಷೆ ಮಾಡಿಸಿದ್ದ ವರದಿಯನ್ನು ಯಾರೋ ಇಂಟರ್‌ನೆಟ್ಟಿನಿಂದ ತೆಗೆದು ವಾಟ್ಸಾಪಿನಲ್ಲಿ ಹರಿಯಬಿಟ್ಟಿದ್ದಾರೆ. ಕೈಯಿಂದ ಕೈಗೆ ಹೋಗಿ ಹುಡುಗನ ತಾಯಿಯ ಫೋನಿಗೇ ಬಂದು ಬಿದ್ದಿದೆ. "ಆ ಸೆಂಟರಿನೋರದ್ದು ಎಲ್ಲಾರ ರಿಪೋರ್ಟೂ ಇಂಟರ್‌ನೆಟ್‌ನಲ್ಲಿ ಬಿದ್ದಿತ್ತಂತೆ ಕಣ್ರೀ. ಯಾರು ಬೇಕಾದ್ರೂ ತೆಗೀಬಹುದಿತ್ತಂತೆ." ಅವನು ಒಂದು ಶೂ ಕೈಯಲ್ಲಿ ಹಿಡಿದುಕೊಂಡು, "ಯಾವ ಸೆಂಟರ್?" ಎಂದು ಕೇಳಿದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ. ಆಮೇಲೆ ಅವಳು ಅಳುತ್ತಾ, ಮಾನಸಾಳಿಗೆ ಹೈಸ್ಕೂಲಿನಿಂದಲೂ ಫಿಟ್ಸ್ ಇತ್ತು, ಮಾತ್ರೆಯಿಂದ ನಿಂತು ವರ್ಷಗಳೇ ಆದವು, ಊರಿನವರಿಗೆ ತಿಳಿಯದಿರಲಿ ಅಂತಲೇ ಅಷ್ಟು ದೂರ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆವು ಎಂದಾಗ, ಅವನಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಸಿಕ್ಕಂತಾಯಿತು. "ನನಗ್ಯಾಕೆ ಹೇಳಲಿಲ್ಲ? ಇಷ್ಟು ವರ್ಷ ನಾನು ಈ ಮನೆಗೆ ಹೊರಗಿನವನಾ?" ಎಂದು ಕೂಗಾಡಿದ. ಆ ಕೋಪ ನಿಜವಾಗಿಯೇ ಬಂತು, ಬಿಸಿಯಾಗಿ, ಸುಖವಾಗಿ. ರಾತ್ರಿ ಊಟ ಬಿಟ್ಟು ಮಲಗಿದ. ಅವಳು ಬಂದು ಕ್ಷಮೆ ಕೇಳಿದಳು. ಅವನು ಗೋಡೆಯ ಕಡೆ ತಿರುಗಿಕೊಂಡು ಆ ಕ್ಷಮೆಯನ್ನು ಇಸಿದುಕೊಂಡ.

ಕಾಲೇಜಿನಲ್ಲಿ ಅವನು ಕಂಪ್ಯೂಟರ್ ವಿಭಾಗದ ಒಬ್ಬ ಮೇಷ್ಟರು, ಅಷ್ಟೆ. ಪ್ರಿನ್ಸಿಪಾಲರಿಗೆ ಅವನ ನೆನಪಾಗುತ್ತಿದ್ದುದು ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಕೈಕೊಟ್ಟಾಗ. ಪಾಠ ಮಾಡುವಾಗ ಹಿಂದಿನ ಬೆಂಚಿನವರು ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ಆದರೆ ಕಂಪ್ಯೂಟರ್ ವಿಷಯವನ್ನು ಕನ್ನಡದಲ್ಲಿ ಚರ್ಚಿಸುವ ಒಂದು ಆನ್‌ಲೈನ್ ಗುಂಪಿತ್ತು. ಅಲ್ಲಿ ಅವನ ಹೆಸರು ಬೀಗಮುದ್ರೆ. ಬೀಗಮುದ್ರೆ ಬಂದರೆ ಜನ ಸರಿದು ಜಾಗ ಬಿಡುತ್ತಿದ್ದರು. ಪುಸ್ತಕಗಳ ಪಿಡಿಎಫ್ ಹಂಚುವುದು ಕಳ್ಳತನವೋ ಅಲ್ಲವೋ, ಕಾಸು ಕೊಡದೆ ಸಾಫ್ಟ್‌ವೇರ್ ಬಳಸುವವನಿಗೆ ವೈರಸ್ಸಿನ ಬಗ್ಗೆ ದೂರುವ ಬಾಯಿ ಇದೆಯೋ ಇಲ್ಲವೋ, ಎಲ್ಲದರಲ್ಲೂ ಅವನದು ಕೊನೆಯ ಮಾತು. ಯಾರಾದರೂ ಪಾಪ, ಬಂದ ಲಿಂಕ್ ಒತ್ತಿ ಮೋಸಹೋದೆ ಎಂದು ಬರೆದರೆ ಅವನು ಎರಡೇ ಸಾಲಿನಲ್ಲಿ ಅವರ ಮಾನ ಹರಾಜು ಹಾಕುತ್ತಿದ್ದ. ಜನ ನಗುತ್ತಿದ್ದರು. ಕ್ಲಾಸಿನಿಂದ ಕ್ಲಾಸಿಗೆ ಹೋಗುವ ಕಾರಿಡಾರಿನಲ್ಲಿ ಫೋನ್ ತೆಗೆದು ಆ ನಗುವ ಮುಖಗಳನ್ನು ನೋಡಿಕೊಂಡರೆ ಮುಂದಿನ ತರಗತಿಗೆ ಹೋಗುವ ಧೈರ್ಯ ಬರುತ್ತಿತ್ತು.

ಹೊಳೆನರಸೀಪುರದ ಸೆಂಟರಿನ ಸುದ್ದಿ ಅವನಿಗೆ ತಾನಾಗಿ ಬಂದು ಸಿಕ್ಕಿತ್ತು. ಕಾಲೇಜಿನ ಆಫೀಸಿನ ಗುಂಡಯ್ಯನವರು ಬೆನ್ನಿನ ಸ್ಕ್ಯಾನ್ ಮಾಡಿಸಿದ್ದರು. ಫೋನಿಗೆ ಬಂದ ಲಿಂಕಿನಿಂದ ವರದಿ ಪ್ರಿಂಟ್ ಮಾಡಿಕೊಡಿ ಎಂದು ಕೇಳಿದರು. ಲಿಂಕಿನ ತುದಿಯಲ್ಲಿ ಒಂದು ಸಂಖ್ಯೆಯಿತ್ತು. ಶಶಿಕಿರಣ ಸುಮ್ಮನೆ, ಬೆರಳು ತುರಿಸಿದಂತಾಗಿ, ಆ ಸಂಖ್ಯೆಗೆ ಒಂದು ಕೂಡಿಸಿ ಒತ್ತಿದ. ಬೇರೆ ಯಾರದೋ ವರದಿ ತೆರೆಯಿತು. ಹೆಸರು, ವಯಸ್ಸು, ಊರು, ಕಾಯಿಲೆ ಎಲ್ಲಾ ಇತ್ತು. ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಆಗ ಮೈಯಲ್ಲಿ ಓಡಿದ ಪುಳಕವನ್ನು ನೆನೆದರೆ ಈಗ ಸ್ಟೇರಿಂಗ್ ಹಿಡಿದ ಅಂಗೈ ಬೆವರುತ್ತಿತ್ತು. ಅದು ಯಾರೋ ಮುದುಕನ ಎದೆಯ ಎಕ್ಸ್‌ರೇ. ಮೂಳೆಗಳ ನಡುವೆ ಕೊರಳಿನ ಲಿಂಗದ ಕರಡಿಗೆಯ ನೆರಳು ಬೆಳ್ಳಗೆ ಬಿದ್ದಿತ್ತು. ತೆಗೆಯಿರಿ ಅಂದಿರಬೇಕು, ಆತ ಒಲ್ಲೆ ಅಂದಿರಬೇಕು. ಶಶಿಕಿರಣ ಅದನ್ನು ನೋಡಿ ನಕ್ಕಿದ್ದ.

ಅವತ್ತೇ ಗುಂಪಿನಲ್ಲಿ ಬರೆದ, ಸೆಂಟರಿನ ಹೆಸರು ಹೇಳದೆ. ಅರಕಲಗೂಡಿನ ಶಿವರಾಜು ಎಂಬಾತ, ಸ್ವಂತ ಹೆಸರಿನಲ್ಲೇ ಬರೆಯುವ ಸಾಧು ಮನುಷ್ಯ, "ಮೊದಲು ಅವರಿಗೆ ಫೋನ್ ಮಾಡಿ ಹೇಳಿ ಸಾರ್. ಅದರೊಳಗೆ ಇರೋರು ರೋಗಿಗಳು" ಎಂದು ಬರೆದ. ಬೀಗಮುದ್ರೆ ಉತ್ತರ ಕೊಟ್ಟ: ಶಿವರಾಜು ಅವರು ತಮ್ಮ ಮನೆಗೆ ಕನ್ನ ಹಾಕಿದವನಿಗೂ ಕಾಫಿ ತಿಂಡಿ ಕೊಟ್ಟು ಉಪಚರಿಸುವವರಂತೆ ಕಾಣುತ್ತಾರೆ, ಬೀದಿಯಲ್ಲಿ ಮಾನ ಹೋಗದೆ ಈ ದೇಶದಲ್ಲಿ ಯಾರೂ ಬುದ್ಧಿ ಕಲಿತದ್ದಿಲ್ಲ. ಜನ ನಕ್ಕರು. ಆಗ ಇನ್ಯಾರೋ, ಮುಖವಿಲ್ಲದ ಒಬ್ಬ, "ಬರೀ ಬೊಗಳೆ, ಪುರಾವೆ ಎಲ್ಲಿ?" ಎಂದ. ಅದಕ್ಕೆ ಇನ್ನೊಬ್ಬ ಹೌದು ಹೌದು ಎಂದು ಬರೆದ. ಶಶಿಕಿರಣನ ಕಿವಿ ಬಿಸಿಯಾಯಿತು. ಲ್ಯಾಬಿಗೆ ಹೊತ್ತಾಗಿತ್ತು, ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತಿದ್ದರು. ಲಿಂಕನ್ನು ಹಾಗೇ ಅಂಟಿಸಿ, "ತಗೊಳ್ಳಿ" ಎಂದು ಬರೆದು ಎದ್ದುಹೋದ. ಲ್ಯಾಬ್ ಮುಗಿಸಿ ಬಂದು ಅಳಿಸಿದ. ಅಷ್ಟರೊಳಗೆ ಯಾರು ಯಾರು ಒಳಹೊಕ್ಕು ಏನೇನು ತುಂಬಿಕೊಂಡು ಹೋದರೋ ಅವನಿಗೆ ತಿಳಿಯದು. ಸಂಜೆ ಶಿವರಾಜು ಒಂದೇ ಸಾಲು ಬರೆದ: "ಸೆಂಟರಿಗೆ ಫೋನ್ ಮಾಡಿದ್ದೆ, ಈಗ ಆ ಲಿಂಕ್ ಬಂದ್ ಮಾಡಿದ್ದಾರೆ." ಅದರ ಕೆಳಗೆ ಬೀಗಮುದ್ರೆ, "ನೋಡಿದಿರಾ, ಚಾಟಿ ಬೀಸಿದ್ದಕ್ಕೆ ಎಚ್ಚರವಾಯಿತು" ಎಂದು ಬರೆದು ಗೆಲುವನ್ನು ತನ್ನದು ಮಾಡಿಕೊಂಡಿದ್ದ.

ಚನ್ನರಾಯಪಟ್ಟಣದ ಮನೆಯ ಮುಂದೆ ಕಾರು ನಿಂತಾಗ ಅತ್ತೆ ಸುವರ್ಣಮ್ಮ ಬಾಗಿಲಿಗೇ ಬಂದರು. ಮುಂಭಾಗದಲ್ಲಿ ಮಾವನ ಕೊಬ್ಬರಿ ಮಂಡಿ, ಅದರ ಹಿಂದೆ ಮನೆ. ಒಣಕೊಬ್ಬರಿಯ ಎಣ್ಣೆ ವಾಸನೆ ನಡುಮನೆಯ ಪರದೆಗಳಿಗೂ ಹಿಡಿದಿತ್ತು. "ಬನ್ನಿ ಅಳಿಮಯ್ಯ, ಕೈಕಾಲು ತೊಳ್ಕಳಿ, ರೊಟ್ಟಿ ಬಿಸಿ ಐತೆ," ಎಂದರು. ಅವರ ಕಣ್ಣು ಊದಿದ್ದವು. ಅಕ್ಕಿರೊಟ್ಟಿ ತಂದು ಹಾಕಿದವಳು ಮಾನಸಾ. "ಚಟ್ನಿ ಸಾಕಾ ಭಾವ?" ಎಂದಳು, ಎಂದಿನ ಹಾಗೆ. ಅವನು ಅವಳ ಕೈಯನ್ನು ಮಾತ್ರ ನೋಡಿದ. ಹಿರೀಸಾವೆಯ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಮುದ್ರೆ ಒತ್ತುವ ಕೈ. ಹೆಬ್ಬೆರಳಿನ ಉಗುರಂಚಿನಲ್ಲಿ ನೇರಳೆ ಶಾಯಿಯ ಗೆರೆ.

ಮಾವ ಪರಮಶಿವಯ್ಯನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಕೊಬ್ರಿ ಆದ್ರೆ ಮುಟ್ಟಿ ನೋಡಿ ಯಾವೂರ್ದು ಅಂತ ಹೇಳ್ಬುಡ್ತೀನಿ ಅಳಿಮಯ್ಯ. ಇದು ನಂಗೆ ತಲೆಗೇ ಅತ್ತಲ್ಲ. ನೀವು ಓದ್ಕಂಡಿರೋರು. ಇದೆಂಗೆ ಆಯ್ತು, ಬುಡಿಸಿ ಹೇಳಿ."

ಅವನು ಹೇಳತೊಡಗಿದ. ಮೊದಮೊದಲು ಮಾತು ತಡವರಿಸುತ್ತಿತ್ತು. ಆಸ್ಪತ್ರೆಯವರು ವರದಿಗಳನ್ನು ಎಲ್ಲಿಡುತ್ತಾರೆ, ಲಿಂಕ್ ಅಂದರೇನು, ಸಂಖ್ಯೆ ಬದಲಿಸಿದರೆ ಇನ್ನೊಬ್ಬರದು ಯಾಕೆ ತೆರೆಯುತ್ತದೆ. ಒಂದು ಕಲ್ಯಾಣ ಮಂಟಪದ ಕೋಣೆಗಳ ಹೋಲಿಕೆ ಕೊಟ್ಟ: ಎಲ್ಲ ಬಾಗಿಲಿಗೂ ನಂಬರ್ ಹಾಕಿದ್ದಾರೆ, ಯಾವುದಕ್ಕೂ ಚಿಲಕವಿಲ್ಲ. ಮಾವ ತಲೆದೂಗಿದರು. ಹೋಲಿಕೆ ಚೆನ್ನಾಗಿ ಕೂತಿತೆಂದು ಅವನಿಗೆ ಖುಷಿಯಾಯಿತು. ದನಿ ಬಿಚ್ಚಿಕೊಂಡಿತು, ಕೈ ಗಾಳಿಯಲ್ಲಿ ಆಡತೊಡಗಿತು. ಇಂಥ ಸೆಂಟರಿನವರ ಬೇಜವಾಬ್ದಾರಿಯ ಬಗ್ಗೆ ಒಂದು ಚುರುಕಾದ ಮಾತನ್ನೂ ಆಡಿಬಿಟ್ಟ. ನೇತ್ರಾ ಬಾಗಿಲಿಗೆ ಒರಗಿ ಹೆಮ್ಮೆಯಿಂದ ಕೇಳುತ್ತಿದ್ದಳು. ಆ ಹೆಮ್ಮೆ ಕಣ್ಣಿಗೆ ಬಿದ್ದದ್ದೇ ಅವನ ಮಾತು ನಡುವೆ ಕಡಿಯಿತು. ಕಾರಿಡಾರಿನಲ್ಲಿ ಫೋನ್ ನೋಡಿಕೊಂಡು ನಗುವವನು ಈ ನಡುಮನೆಯಲ್ಲೂ ತನ್ನ ಬಾಯಲ್ಲೇ ಕೂತಿದ್ದಾನೆ ಅನ್ನಿಸಿ ಗಾಳಿಯಲ್ಲಿ ಆಡುತ್ತಿದ್ದ ಕೈಯನ್ನು ತಟ್ಟೆಯ ಅಂಚಿಗೆ ಇಳಿಸಿದ.

"ಅಂದ್ರೆ," ಎಂದರು ಮಾವ ನಿಧಾನವಾಗಿ, "ಇಂಗೆ ಚಿಲ್ಕ ಇಲ್ಲ ಅಂತ ಊರಿಗೆಲ್ಲ ಮೊದ್ಲು ಕೂಗಿ ಏಳ್ದೋನು ಒಬ್ಬ ಇರ್ಬೇಕಲ್ಲ?"

"ಇರಬಹುದು ಮಾವ."

"ಅವ್ನು ಬೇಕು ನಂಗೆ. ಫಾರ್ವರ್ಡ್ ಮಾಡ್ದೋರು ಬುಡಿ, ದನದಂಥ ಜನ, ಒಂದ್ರ ಇಂದೆ ಒಂದು ಓಯ್ತವೆ. ಮೊದ್ಲು ತೋರಿಸ್ದೋನು ತಿಳಿದೋನು ಕಣ್ರಿ. ತಿಳಿದೂ ತಿಳಿದೂ ಮಾಡವ್ನೆ. ಅವನ ಮನೇಲೂ ಎಣ್ಮಕ್ಳು ಇರ್ತಾರಲ್ವ?" ಅವರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ನಾಳೆ ನಿಮ್ಮೂರು ಆಸನಕ್ಕೆ ಬತ್ತೀನಿ. ಸೈಬರ್ ಪೊಲೀಸ್ರಿಗೆ ಕಂಪ್ಲೇಂಟ್ ಕೊಡನ. ನೀವೇ ಬರ್ಕೊಡ್ಬೇಕು."

"ಆಗಲಿ ಮಾವ," ಎಂದ. ಎಂಜಲು ಕೈಯಲ್ಲೇ ಎದ್ದ.

ಕೈ ತೊಳೆಯಲು ಹಿತ್ತಲಿಗೆ ಹೋದರೆ ಸುವರ್ಣಮ್ಮ ಹಿಂದೆಯೇ ಟವೆಲ್ ಹಿಡಿದು ಬಂದರು. ಟವೆಲ್ ಕೊಡದೆ, ಅದನ್ನು ಎರಡು ಕೈಗಳ ನಡುವೆ ಹಿಡಿದೇ ಕೈಮುಗಿದರು. "ನಿಮ್ಮತ್ರ ಮುಚ್ಚಿಟ್ಬುಟ್ವಿ ಕಣಪ್ಪ. ನೇತ್ರನ್ನ ನೋಡಕ್ಕೆ ನೀವು ಬಂದಿದ್ದಾಗ ಈ ಮಗೀನ ರೂಮಲ್ಲಿ ಮಲಗಿಸಿ ಬಾಗ್ಲಾಕಿದ್ದೆ. ಎಲ್ಲಿ ದೊಡ್ಡೋಳ ಮದ್ವೇನೂ ನಿಂತೋಗ್ತದೋ ಅಂತ. ನಿಮಗೆ ಬೇಜಾರಾಗೈತೆ ಅಂತ ನೇತ್ರ ಏಳುದ್ಲು. ತಪ್ಪಾಯ್ತು." ಅವರ ತಲೆಗೂದಲಿನ ಬೈತಲೆ ಅವನ ಎದೆಯ ಎತ್ತರಕ್ಕಿತ್ತು. "ಅತ್ತೆ, ಹಾಗನ್ನಬೇಡಿ, ದಯವಿಟ್ಟು ಬೇಡಿ," ಎನ್ನುತ್ತಾ ಒದ್ದೆ ಕೈಯಲ್ಲೇ ಅವರ ಕೈ ಬಿಡಿಸಲು ಹೋದ. ಅವನ ದನಿಯ ನಡುಕವನ್ನು ಅವರು ದೊಡ್ಡ ಮನಸ್ಸೆಂದು ತಿಳಿದರು. "ನಿಮ್ಮಂಥ ಅಳಿಯ ಸಿಕ್ಕಿದ್ದು ನಮ್ಮ ಪುಣ್ಯ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಿಗ್ನಲ್ ಸಿಗುತ್ತಿಲ್ಲ ಎಂದು ನೆಪ ಹೇಳಿ ಮಹಡಿಯ ಮೇಲಿನ ಬಯಲಿಗೆ ಹತ್ತಿದ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು ಗುಂಪನ್ನು ತೆರೆದ. ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ಬೀಗಮುದ್ರೆಯ ಒಂದು ಮಾತೂ ಸಿಗಬಾರದು. ಒಂದೊಂದಾಗಿ ಅಳಿಸುತ್ತಾ ಹೋದ. ಅಳಿಸುವ ಮೊದಲು ಓದಲೇಬೇಕಾಗುತ್ತಿತ್ತು. ಓದಿದರೆ, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಮೆಚ್ಚಿಕೊಳ್ಳುತ್ತಿತ್ತು. ಅದೇ ಎಲ್ಲಕ್ಕಿಂತ ಹೇಸಿಗೆಯೆನಿಸಿತು.

"ಅಳಿಸ್ತಿದೀರಾ ಭಾವ?"

ಮಾನಸಾ ಒಗೆದ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದಳು. ಹೆಗಲ ಮೇಲೆ ಟವೆಲುಗಳು. ಅವನು ಫೋನನ್ನು ಅಂಗೈಯೊಳಗೆ ಮಗುಚಿದ. "ಏನಿಲ್ಲ, ಕಾಲೇಜಿಂದು..."

"ನಾನು ಆಗ್ಲೇ ಓದಿದೀನಿ. ಎಲ್ಲಿಂದ ಹೊರಗೆ ಬಂತು ಅಂತ ಸೆಂಟರಿನೋರ್ನ ಕೇಳಿದ್ರೆ, ಫೋನ್ ಮಾಡಿ ಎಚ್ಚರಿಸಿದೋರು ಆ ಗುಂಪಿನ ಹೆಸರು ಹೇಳಿದ್ರು ಅಂದ್ರು, ಹುಡುಕ್ಕೊಂಡು ಹೋದೆ. ಬೀಗಮುದ್ರೆ ಯಾರು ಅಂತ ಮೊದ್ಲು ನಂಗೂ ಗೊತ್ತಾಗ್ಲಿಲ್ಲ. ಆಮೇಲೆ ಹಳೇದೊಂದು ಓದಿದೆ." ಅವಳು ತಂತಿಯಿಂದ ಕ್ಲಿಪ್ಪು ಬಿಚ್ಚುತ್ತಲೇ ಹೇಳಿದಳು. "ಎಟಿಎಂ ನಂಬರ್‌ನ ಅಕ್ಕಿ ಡಬ್ಬದ ಮುಚ್ಚಳದ ಒಳಗೆ ಬರ್ದು ಅಂಟಿಸೋದು ಈ ಲೋಕದಲ್ಲಿ ನಮ್ಮಮ್ಮ ಒಬ್ಬಳೇ."

ಅವನಿಗೆ ನೆನಪಾಯಿತು. ಪಾಸ್‌ವರ್ಡುಗಳ ಬಗ್ಗೆ ನಡೆದ ಚರ್ಚೆ. ತನ್ನ ಅತ್ತೆಯೆಂಬ ಮಹಾಮೇಧಾವಿಯ ಕಥೆಯೆಂದು ಶುರುಮಾಡಿ, ಆ ಹೆಂಗಸಿನ ಮಾತಿನ ಧಾಟಿಯನ್ನೂ ಅಣಕಿಸಿ ಬರೆದಿದ್ದ. ಅವತ್ತು ಬಿದ್ದಷ್ಟು ನಗು ಬೇರೆ ಯಾವತ್ತೂ ಬಿದ್ದಿರಲಿಲ್ಲ. ಹಿತ್ತಲಿನಲ್ಲಿ ಈಗಷ್ಟೇ ಟವೆಲ್ ಹಿಡಿದು ಮುಗಿದ ಕೈಗಳು ಕಣ್ಣಮುಂದೆ ಬಂದವು. ಮುಖವೆಲ್ಲ ಉರಿಯಿತು, ನೆರಳಿನಲ್ಲಿ ನಿಂತಿದ್ದರೂ ಉರಿಯಿತು.

"ನಿನ್ನದು ಅದರಲ್ಲಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಮಾನಸಾ."

"ಯಾರದ್ದೋ ಇದೆ ಅಂತ ಗೊತ್ತಿತ್ತಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ದಣಿವಿತ್ತು. "ಅಭಿಷೇಕ್‌ಗೆ ನಾನೇ ಹೇಳಿದ್ದೆ, ಭಾವ. ಯಾರಿಗೂ ಗೊತ್ತಿಲ್ಲ ಅದು. ರಾಮನಾಥಪುರದಲ್ಲಿ ಹೊಳೆ ಮೆಟ್ಲ ಮೇಲೆ ಕೂತ್ಕೊಂಡು ಹೇಳ್ದೆ. ಹೇಳೋಕೆ ಎಷ್ಟು ದಿನ ತಯಾರಿ ಮಾಡ್ಕೊಂಡಿದ್ದೆ ಗೊತ್ತಾ? ಅವ್ರು ಸ್ವಲ್ಪ ಹೊತ್ತು ನೀರು ನೋಡಿದ್ರು. ಆಮೇಲೆ, ಮಾತ್ರೆ ಮರೀಬೇಡ ಅಂದ್ರು. ಅಷ್ಟೇ ಅಂದಿದ್ದು. ನಮ್ಮಮ್ಮಂಗೆ ನಾನು ನಿಧಾನವಾಗಿ ಹೇಳ್ತೀನಿ, ಅವಸರ ಮಾಡೋದು ಬೇಡ ಅಂದ್ರು. ಅಷ್ಟರಲ್ಲಿ ಅವರಮ್ಮನ ಫೋನಿಗೆ ಬಂತು. ಮಗ ಗೊತ್ತಿದ್ದೂ ಮುಚ್ಚಿಟ್ಟ ಅಂತ ಆ ತಾಯಿ ಊಟ ಬಿಟ್ರಂತೆ. ಈಗ ಅಭಿಷೇಕ್ ನನ್ ಫೋನ್ ತೆಗೀತಿಲ್ಲ." ಒಂದು ಕ್ಲಿಪ್ಪು ಕೆಳಗೆ ಬಿತ್ತು, ಅವಳು ಬಗ್ಗಿ ಎತ್ತಿಕೊಂಡಳು. "ಕೌಂಟರಿಗೆ ಬರೋರು ಈಗ ಕವರ್ ಕೊಟ್ಟು ನನ್ ಕೈ ನೋಡ್ತಾರೆ. ನಡುಗುತ್ತಾ ಅಂತ."

ಬೆಳಿಗ್ಗೆ ತಾನೂ ಆ ಕೈಯನ್ನೇ ನೋಡಿದ್ದು ನೆನಪಾಗಿ ಅವನು ತಲೆ ತಗ್ಗಿಸಿದ. "ನಾನು ಈಗಲೇ ಕೆಳಗೆ ಹೋಗಿ ಮಾವನಿಗೆ ಹೇಳ್ತೀನಿ. ಅವರು ಏನು ಮಾಡಿದ್ರೂ ಸರಿ." ಹೇಳಿದ್ದೇ ತಡ, ಎದೆಯ ಮೇಲಿನ ಭಾರ ಒಂದಿಷ್ಟು ಸರಿದಂತಾಯಿತು. ಮೆಟ್ಟಿಲ ಕಡೆ ಒಂದು ಹೆಜ್ಜೆಯನ್ನೂ ಇಟ್ಟ.

"ಬೇಡ."

ಅವನು ನಿಂತ.

"ಹೇಳಿದ್ರೆ ಏನಾಗುತ್ತೆ? ಅಪ್ಪ ಬೈತಾರೆ. ಅಕ್ಕ ಅಳ್ತಾಳೆ. ನೀವು ಕಾಲಿಗೆ ಬೀಳ್ತೀರ. ಆಮೇಲೆ ಒಂದಿನ ಎಲ್ರೂ ಸಮಾಧಾನ ಆಗ್ತಾರೆ, ನಿಮ್ಗೂ ಹಗುರ ಆಗುತ್ತೆ. ಅಲ್ಲೀವರ್ಗೂ ಈ ಮನೇಲಿ ಬೆಳಗಾದ್ರೆ ನನ್ನ ಫಿಟ್ಸ್ ಮಾತೇ. ನನ್ನಿಂದ ಅಕ್ಕನ ಸಂಸಾರನೂ ಹಿಂಗಾಯ್ತು ಅಂತ ಅಮ್ಮ ಕೊರಗ್ತಾಳೆ. ನಿಮ್ಮ ಹಗುರಕ್ಕೆ ನಾನು ಇನ್ನೊಂದ್ಸಲ ಅದನ್ನೆಲ್ಲ ಕೇಳ್ಬೇಕಾ? ಬೇಡ ಭಾವ. ನೀವು ಹೇಳ್ಕೂಡದು." ತಂತಿಯ ಮೇಲೆ ಉಳಿದಿದ್ದ ದೊಡ್ಡ ಬೆಡ್‌ಶೀಟನ್ನು ಎಳೆದುಕೊಂಡು, "ಈ ತುದಿ ಹಿಡ್ಕೊಳ್ಳಿ," ಎಂದಳು.

ಅವನು ಎರಡು ಮೂಲೆ ಹಿಡಿದ. ಅವಳು ಎರಡು ಮೂಲೆ ಹಿಡಿದು ಹಿಂದಕ್ಕೆ ಸರಿದು ಒಮ್ಮೆ ಝಾಡಿಸಿದಳು. ಮಡಿಸಿದರು. ತನ್ನ ಮೂಲೆಗಳನ್ನು ಕೊಡಲು ಅವನು ಅವಳ ಹತ್ತಿರ ಬರಬೇಕಾಯಿತು. ಬಂದಾಗ ಅವಳ ಕಣ್ಣನ್ನು ನೋಡಬೇಕೆಂದು ಪ್ರಯತ್ನಿಸಿದ, ಬಟ್ಟೆಯ ಅಂಚನ್ನು ನೋಡಿದ. "ಕ್ಷಮಿಸು ಅಂತ ಕೇಳೋಕೂ ನಂಗೆ..." ಎಂದ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, "ಅಪ್ಪ ಸ್ಟೇಷನ್ನಿಗೆ ಹೋಗ್ದಂಗೆ ಮಾಡಿ," ಎಂದಳು. "ಹೋದ್ರೆ ರಿಪೋರ್ಟನ್ನ ಪೊಲೀಸ್ನೋರೂ ಓದ್ತಾರೆ. ನಾನು ಹೇಳಿದ್ರೆ ಅಪ್ಪ ಕೇಳಲ್ಲ, ಹೆದರ್ಕೊಂಡಿದಾಳೆ ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ. ಅಷ್ಟು ಮಾಡಿ." ಬಟ್ಟೆಯ ರಾಶಿಯನ್ನು ಗಲ್ಲದಿಂದ ಒತ್ತಿ ಹಿಡಿದುಕೊಂಡು ಅವಳು ಮೊದಲು ಇಳಿದುಹೋದಳು.

ಅವನು ಇಳಿದು ಬಂದಾಗ ಮಾವ ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಕಾಯುತ್ತಿದ್ದರು. ಶಶಿಕಿರಣ ಎದುರಿಗೆ ಕೂತು, ತಾನು ಚೆನ್ನಾಗಿ ಬಲ್ಲ ಆ ದನಿಯನ್ನು ಗಂಟಲೊಳಗೆ ಹುಡುಕಿ ತೆಗೆದ. ಸಮಾಧಾನದ, ಬಲ್ಲವನ ದನಿ. ಇಂಥ ಜನ ಸುಳ್ಳು ಹೆಸರಿನಲ್ಲಿ ಇರುತ್ತಾರೆ ಮಾವ, ಪತ್ತೆ ಹಚ್ಚಲು ತಿಂಗಳುಗಟ್ಟಲೆ ಆಗುತ್ತದೆ. ಅಲ್ಲಿಯವರೆಗೆ ಮಾನಸಾಳ ವರದಿ ಸ್ಟೇಷನ್ನಿನಲ್ಲಿ, ವಕೀಲರ ಹತ್ತಿರ, ಕೋರ್ಟಿನಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಅವಳನ್ನೂ ಕರೆದು ಕೂರಿಸುತ್ತಾರೆ. ಒಂದೊಂದು ಮಾತೂ ನಿಜವಾಗಿತ್ತು. ಒಂದೊಂದು ಮಾತೂ ಅವನನ್ನು ಕಾಪಾಡುತ್ತಿತ್ತು. ಯಾವುದನ್ನು ಅವಳಿಗಾಗಿ ಆಡಿದೆ, ಯಾವುದನ್ನು ನನಗಾಗಿ ಎಂದು ಬೇರ್ಪಡಿಸಿ ನೋಡಲು ಹೋದರೆ ಎರಡೂ ಒಂದೇ ದನಿಯಲ್ಲಿ ಬರುತ್ತಿದ್ದವು. ಮಾನಸಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೌಂಟರಿನಲ್ಲಿ ಯಾರೋ ಗಿರಾಕಿಯ ಮಾತು ಕೇಳುವವಳಂತೆ, ಕೇಳುತ್ತಿದ್ದಳು.

ಪರಮಶಿವಯ್ಯನವರು ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಪೆನ್ನಿನ ಟೋಪಿಯನ್ನು ತೆಗೆದರು, ಹಾಕಿದರು. "ಅಂದ್ರೆ ಆ ನನ್ಮಗ ಉಂಡ್ಕಂಡು ತಿಂದ್ಕಂಡು, ಎಂಡ್ತಿ ಮನೇಗೆ ಓಗ್ಬಂದು ಮಾಡ್ಕಂಡು ಆರಾಮಾಗಿರ್ತಾನೆ?"

"ಹೌದು ಮಾವ," ಎಂದ ಶಶಿಕಿರಣ.

"ಆಯ್ತು ಬುಡಿ. ನೀವು ಏಳ್ದಂಗೇ ಆಗ್ಲಿ." ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮಂಡಿಯ ಕಡೆ ಎದ್ದುಹೋದರು. ಅವರ ಬೆನ್ನು ಒಮ್ಮೆಲೇ ಮುದಿಯಾದಂತೆ ಕಂಡಿತು.

ಮಧ್ಯಾಹ್ನದ ಊಟಕ್ಕೆ ಸುವರ್ಣಮ್ಮ ಅವನಿಗೆಂದು ಹೆಸರುಬೇಳೆ ಪಾಯಸ ಮಾಡಿದ್ದರು. ಸಾಕೆಂದರೂ ಇನ್ನೊಂದು ಸೌಟು ಹಾಕಿದರು. ಉಣ್ಣಲಿಲ್ಲವೆಂದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಹೇಳಲಾಗದು. ಉಂಡ, ಕಡೆಯ ಗುಟುಕಿನವರೆಗೂ. ಮಾನಸಾ ಬಂದು ಅವನ ಲೋಟಕ್ಕೆ ನೀರು ಹಾಕಿ ಹೋದಳು.

ಹೊರಡುವಾಗ ಅವಳು ಅಕ್ಕನ ಜೊತೆ ಕಾರಿನವರೆಗೆ ಬಂದಳು, ನಕ್ಕು ಕೈಬೀಸಿದಳು. ಕಾರು ಮುಖ್ಯರಸ್ತೆಗೆ ತಿರುಗಿದ ಮೇಲೆ ನೇತ್ರಾ ನಿಟ್ಟುಸಿರುಬಿಟ್ಟು ಅವನ ತೋಳಿನ ಮೇಲೆ ಕೈ ಇಟ್ಟಳು. "ಶುಕ್ರವಾರ ನೀವು ಅಷ್ಟು ಕೂಗಾಡಿದಾಗ ಭಯ ಆಗಿತ್ತು ಕಣ್ರೀ. ಇವತ್ತು ಎಷ್ಟು ತಾಳ್ಮೆಯಿಂದ ಹೇಳಿದ್ರಿ ಅಪ್ಪಂಗೆ. ನೀವಿಲ್ದಿದ್ರೆ ಅವ್ರು ನಾಳೆ ಸ್ಟೇಷನ್ನಿಗೆ ಹೋಗಿ, ಪಾಪ ಅವಳ ಮಾನ ಇನ್ನಷ್ಟು ಹೋಗ್ತಿತ್ತು. ನಿಮ್ಮಿಂದ ಅವಳು ಉಳ್ಕೊಂಡ್ಲು."

"ಹೂಂ," ಎಂದ ಶಶಿಕಿರಣ. ಎಷ್ಟು ಸಹಜವಾಗಿ ಬಂತು ಆ ಹೂಂ ಎಂದರೆ, ಊರು ಹಿಂದೆ ಸರಿದು ಬಯಲು ಶುರುವಾದರೂ ನೇತ್ರಾ ಅವನ ತೋಳಿನಿಂದ ಕೈ ತೆಗೆಯಲಿಲ್ಲ.